ಹೆಸರು ಮರೆತಿಲ್ಲ, ಬಾಯಿಗೆ ಬರ್ತಿಲ್ಲ ಅಷ್ಟೇ: ವಯಸ್ಸಾದವರು ನೆನಪನ್ನ ಹೊರಗೆ ತರೋದು ಹೇಗೆ

ಎದುರಿಗೆ ನಿಂತಿರೋರ ಮುಖ ಚೆನ್ನಾಗಿ ಗೊತ್ತು, ಏನ್ ಕೆಲಸದಲ್ಲಿದ್ರು ಅಂತ ಗೊತ್ತು, ಅವರ ಮಗಳ ಮದುವೆಗೆ ಹೋಗಿದ್ದೂ ನೆನಪಿದೆ, ಆದ್ರೆ ಹೆಸರು ಮಾತ್ರ ಬಾಯಿಗೆ ಬರಲ್ಲ. ಹೇಗೋ ಮಾತು ತೇಲಿಸಿ ಮನೆಗೆ ಬಂದು, ರಾತ್ರಿ ಹಲ್ಲುಜ್ಜೋವಾಗ ಯಾರೂ ಕೇಳದೇನೇ ಆ ಹೆಸರು ತಾನಾಗೇ ಬಂದು ನಿಲ್ಲುತ್ತೆ. ಅರವತ್ತು ದಾಟಿದ ಸುಮಾರು ಜನಕ್ಕೆ ಇದು ಹೊಸದೇನಲ್ಲ, ಮತ್ತೆ ಎಲ್ರೂ ಇದರಿಂದ ತಗೊಳ್ಳೋ ತೀರ್ಮಾನಾನೂ ಒಂದೇ, "ನನ್ ತಲೆ ಖಾಲಿ ಆಗ್ತಾ ಬಂತು". ಸ್ವಲ್ಪ ಯೋಚನೆ ಮಾಡಿ ನೋಡಿ, ಆ ಹೆಸರು ಅಳಿಸಿಹೋಗಿದ್ರೆ ರಾತ್ರಿ ಎಲ್ಲಿಂದ ಬಂತು?

ಇದೇ ಪ್ರಶ್ನೇನ ಇಟ್ಕೊಂಡು 1966ರಲ್ಲಿ ಟಲ್ವಿಂಗ್ ಮತ್ತು ಪರ್ಲ್‌ಸ್ಟೋನ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಒಂದು ಸರಳ ಪರೀಕ್ಷೆ ಮಾಡಿದ್ರು. ಒಂದಿಷ್ಟು ಪದಗಳನ್ನ ಗುಂಪು ಗುಂಪಾಗಿ, ಪ್ರತಿ ಗುಂಪಿಗೂ ಒಂದು ತಲೆಬರಹ ಕೊಟ್ಟು ಓದಿ ಹೇಳಿದ್ರು. ಆಮೇಲೆ ಅರ್ಧ ಜನಕ್ಕೆ "ನೆನಪಿರೋದೆಲ್ಲ ಬರೀರಿ" ಅಂದ್ರು, ಇನ್ನರ್ಧ ಜನಕ್ಕೆ ಆ ತಲೆಬರಹಗಳನ್ನ ಕೈಗೆ ಕೊಟ್ಟು ಬರೀರಿ ಅಂದ್ರು. ತಲೆಬರಹ ಸಿಕ್ಕಿದವರು ತುಂಬಾ ಜಾಸ್ತಿ ಪದ ಬರೆದ್ರು. ಮಜಾ ಇರೋದು ಇಲ್ಲಲ್ಲ, ತಲೆಬರಹ ಇಲ್ದೆ ಬರೆದು "ಇಷ್ಟೇ, ಮುಗೀತು" ಅಂದವರಿಗೂ ಆಮೇಲೆ ತಲೆಬರಹ ಕೊಟ್ಟಾಗ ಮತ್ತಷ್ಟು ಪದ ಹೊರಗೆ ಬಂದ್ವು. ಅಂದ್ರೆ ಒಳಗೆ ಇತ್ತು, ಕೈಗೆ ಸಿಗ್ತಿರ್ಲಿಲ್ಲ. ನೆನಪು ಇರೋದು ಬೇರೆ, ಬೇಕಾದಾಗ ಸಿಗೋದು ಬೇರೆ ಅನ್ನೋದು ಇಲ್ಲಿಂದ ಗಟ್ಟಿ ಆಯ್ತು.

ಅದೇ ವರ್ಷ ಸ್ಕೋನ್‌ಫೀಲ್ಡ್ ಮತ್ತು ರಾಬರ್ಟ್‌ಸನ್ ಇದನ್ನ ವಯಸ್ಸಿಗೆ ಹೋಲಿಸಿ ನೋಡಿದ್ರು. 24 ಪದಗಳ ಪಟ್ಟಿ. ಯಾವ ಸಹಾಯಾನೂ ಇಲ್ದೆ ನೆನಪಿಸ್ಕೊಂಡು ಹೇಳಿ ಅಂದಾಗ ಇಪ್ಪತ್ತರ ಹರೆಯದವರು ಸರಾಸರಿ 14ರ ಹತ್ರ ಹೇಳಿದ್ರೆ ಅರವತ್ತು ದಾಟಿದವರು 7-8ಕ್ಕೆ ನಿಂತ್ರು, ಸರಿಸುಮಾರು ಅರ್ಧ. ಅಂಥದ್ದೇ ಇನ್ನೊಂದು ಪಟ್ಟಿಯ ಪದಗಳನ್ನ ಬೇರೆ ಪದಗಳ ಮಧ್ಯೆ ಇಟ್ಟು "ಇದ್ರಲ್ಲಿ ಮೊದ್ಲು ನೋಡಿದ್ದು ಯಾವ್ದು" ಅಂತ ಕೇಳಿದಾಗ ಎರಡೂ ಗುಂಪಿನವರು 20ರ ಆಸುಪಾಸು. ವ್ಯತ್ಯಾಸಾನೇ ಇಲ್ಲ ಅನ್ನಬೋದು. (ಆಮೇಲಿನ ಸ್ಟಡಿಗಳಲ್ಲಿ ಗುರುತಿಸೋದ್ರಲ್ಲೂ ಸ್ವಲ್ಪ ಇಳಿತ ಕಂಡಿದೆ, ಆದ್ರೆ ಸಹಾಯ ಇಲ್ದೆ ನೆನಪಿಸ್ಕೊಳ್ಳೋದ್ರಷ್ಟು ಅಲ್ಲ.) ಬಾವೀಲಿ ನೀರು ಇದೆ, ಹಗ್ಗ ಗಿಡ್ಡ ಆಗಿದೆ, ಅಷ್ಟೇ ಕತೆ.

ಹಗ್ಗ ಯಾಕೆ ಗಿಡ್ಡ ಆಗುತ್ತೆ ಅಂದ್ರೆ, ಏನೂ ಕ್ಲೂ ಇಲ್ದೆ ನೆನಪಿಸ್ಕೊಳ್ಳೋದು ಮೆದುಳಿಗೆ ಭಾರೀ ಕೆಲಸ, ಎಲ್ಲಿ ಹುಡುಕ್ಬೇಕು ಅಂತ ತಾನೇ ತೀರ್ಮಾನ ಮಾಡ್ಬೇಕು, ಸಿಕ್ಕಿದ್ದು ಸರೀನಾ ಅಂತ ನೋಡ್ಬೇಕು, ಮಧ್ಯೆ ನುಗ್ಗೋ ಬೇರೆ ಯೋಚನೆಗಳನ್ನ ತಳ್ಬೇಕು. ಇದರಲ್ಲಿ ದೊಡ್ಡ ಪಾಲು ಹಣೆ ಹಿಂದಿನ ಭಾಗದ ಮೆದುಳಿಂದು, ವಯಸ್ಸಿನ ಜೊತೆ ಬೇಗ ಸೊರಗೋ ಭಾಗಗಳಲ್ಲಿ ಅದೂ ಒಂದು. ಫರ್ಗಸ್ ಕ್ರೇಕ್ ಅನ್ನೋ ಸಂಶೋಧಕರು ಇದನ್ನ ತುಂಬಾ ವರ್ಷ ಸ್ಟಡಿ ಮಾಡಿ ಹೇಳಿದ್ದು ಇಷ್ಟು: ಒಳಗಿನಿಂದ ಎಷ್ಟು ಪ್ರಯತ್ನ ಬೇಕೋ ಅಷ್ಟೂ ವಯಸ್ಸಾದವರಿಗೆ ಕಷ್ಟ, ಹೊರಗಿನಿಂದ ಎಷ್ಟು ಆಸರೆ ಸಿಗುತ್ತೋ ಅಷ್ಟೂ ಆ ಕಷ್ಟ ಕಮ್ಮಿ. ಕೆಳಗೆ ಹೇಳೋ ಉಪಾಯಗಳೆಲ್ಲ ಒಂದಲ್ಲ ಒಂದು ರೀತೀಲಿ ಈ ಆಸರೆ ಕೊಡೋವೇ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಒಳಗೆ ಹೋಗ್ದೇ ಇರೋದನ್ನ ಹೊರಗೆ ತರೋ ಉಪಾಯ ಯಾವ್ದೂ ಇಲ್ಲ. ಫೋನಲ್ಲಿ ಮಾತಾಡ್ತಾ ಕನ್ನಡಕ ಎಲ್ಲೋ ಇಟ್ರೆ ಅದು ಮರೆತಿದ್ದಲ್ಲ, ಮೆದುಳು ಅದನ್ನ ಬರ್ಕೊಂಡೇ ಇಲ್ಲ. ಕಿವಿ ಸರಿಯಾಗಿ ಕೇಳದವರದ್ದೂ ಇದೇ ಪಾಡು, ಮಾತು ಅರ್ಧ ಕೇಳ್ಸಿರುತ್ತೆ, ಆ ಅರ್ಧ ಏನು ಅಂತ ಊಹೆ ಮಾಡೋದ್ರಲ್ಲೇ ಶಕ್ತಿ ಹೋಗಿರುತ್ತೆ, ನೆನಪಲ್ಲಿ ಇಟ್ಕೊಳ್ಳೋಕೆ ಏನೂ ಉಳಿದಿರಲ್ಲ, ಆಮೇಲೆ ಮನೆಯವರು "ಹೇಳಿದ್ದೆ ಅಲ್ವಾ, ಮರ್ತುಬಿಟ್ರಾ" ಅಂತ ರೇಗ್ತಾರೆ. ಮೊದ್ಲು ಕಿವಿ ಟೆಸ್ಟ್ ಮಾಡ್ಸಿ.

ಈಗ ಹೆಸರಿನ ವಿಷಯಕ್ಕೆ ಬರೋಣ, ಎಲ್ರೂ ಜಾಸ್ತಿ ಗೊಣಗೋದು ಇದ್ರ ಬಗ್ಗೇನೇ. 1987ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಜನಕ್ಕೆ ಒಂದಿಷ್ಟು ಅಪರಿಚಿತ ಮುಖ ತೋರಿಸಿ ಹೆಸರೂ ಕೆಲಸಾನೂ ಹೇಳ್ತಾರೆ. ಇಂಗ್ಲಿಷಲ್ಲಿ ಬೇಕರ್ ಅನ್ನೋದು ಅಡ್ಡಹೆಸರೂ ಹೌದು, ಉದ್ಯೋಗಾನೂ ಹೌದು. ಈ ಮುಖದ ಉದ್ಯೋಗ ಬೇಕರ್ ಅಂತ ಹೇಳಿದ್ರೆ ಸುಲಭವಾಗಿ ನೆನಪಿರುತ್ತೆ, ಈ ಮುಖದ ಹೆಸರು ಬೇಕರ್ ಅಂತ ಹೇಳಿದ್ರೆ ಹಾರಿಹೋಗುತ್ತೆ. ಪದ ಅದೇ. ಉದ್ಯೋಗ ಅಂದ ಕೂಡ್ಲೇ ಒಲೆ, ಹಿಟ್ಟು, ವಾಸನೆ ಅಂತ ಹತ್ತು ಎಳೆ ಅಂಟ್ಕೊಳ್ಳುತ್ತೆ, ಹೆಸರಿಗೆ ಅಂಟೋಕೆ ಏನೂ ಇಲ್ಲ, ಒಂದೇ ಎಳೆ, ಅದು ಸಡಿಲ ಆದ್ರೆ ಮುಗೀತು. 1991ರಲ್ಲಿ ಡೆಬೊರಾ ಬರ್ಕ್ ಮತ್ತು ಜೊತೆಗಾರರು ತೋರಿಸಿದ್ದೂ ಇದನ್ನೇ, ವಯಸ್ಸಾದಂಗೆ ಪದದ ಅರ್ಥ ಗಟ್ಟಿಯಾಗೇ ಉಳಿಯುತ್ತೆ, ಅರ್ಥದಿಂದ ಶಬ್ದಕ್ಕೆ ಹೋಗೋ ಕೊಂಡಿ ಸಡಿಲ ಆಗುತ್ತೆ, ಅದ್ರಲ್ಲೂ ತುಂಬಾ ದಿನ ಬಳಸದೇ ಇರೋ ಹೆಸರುಗಳದ್ದು. ಅದಕ್ಕೇ ನಾಲಿಗೆ ತುದೀಲಿದೆ, ಬರ್ತಿಲ್ಲ ಅನ್ನೋ ಪರಿಸ್ಥಿತಿ.

ಹಂಗಾದಾಗ ಏನ್ ಮಾಡ್ಬೇಕು? ಮೊದಲನೇದು, ಹಟ ಹಿಡಿದು ಕೂರಬೇಡಿ. 2008ರಲ್ಲಿ ವಾರಿನರ್ ಮತ್ತು ಹಂಫ್ರೀಸ್ ಕಾಲೇಜು ಹುಡುಗರ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ, ಪದ ನಾಲಿಗೆ ತುದೀಲಿ ಸಿಕ್ಕಾಕ್ಕೊಂಡಾಗ ಕೆಲವರನ್ನ 10 ಸೆಕೆಂಡು, ಕೆಲವರನ್ನ 30 ಸೆಕೆಂಡು ಒದ್ದಾಡೋಕೆ ಬಿಟ್ಟು ಆಮೇಲೆ ಉತ್ತರ ಹೇಳಿದ್ರು. ಎರಡು ದಿನ ಬಿಟ್ಟು ಕೇಳಿದಾಗ ಜಾಸ್ತಿ ಹೊತ್ತು ಒದ್ದಾಡಿದವರೇ ಅದೇ ಪದಕ್ಕೆ ಮತ್ತೆ ಸಿಕ್ಕಾಕ್ಕೊಂಡ್ರು. ತಪ್ಪು ದಾರೀಲಿ ಸುತ್ತಿದಷ್ಟೂ ಆ ತಪ್ಪು ದಾರೀನೇ ರೂಢಿ ಆಗುತ್ತೆ ಅಂತ ಅವರ ವಿವರಣೆ. ಸಣ್ಣವರಿಗೇ ಹಿಂಗಾದ್ರೆ ದೊಡ್ಡವರಂತೂ ಅರ್ಧ ಗಂಟೆ ತಲೆ ಕೆರ್ಕೊಂಡು ಕೂತ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ ಅಂತ ನಂಗನ್ಸುತ್ತೆ. ಸ್ವಲ್ಪ ಪ್ರಯತ್ನಿಸಿ, ಬರ್ಲಿಲ್ವಾ, ಬಿಡಿ, ಅಥ್ವಾ ಗೊತ್ತಿರೋರನ್ನ ಕೇಳ್ಬಿಡಿ.

ಎರಡನೇದು, ಶಬ್ದದ ಕಡೆಯಿಂದ ಹೋಗಿ. ಅವರ ಕೆಲಸ, ಊರು, ಮನೆ ಅಂತ ಅರ್ಥದ ಕಡೆಯಿಂದ ಎಷ್ಟು ಸುತ್ತಿದ್ರೂ ಉಪಯೋಗ ಕಮ್ಮಿ, ಅದೆಲ್ಲ ನಿಮಗೆ ಗೊತ್ತೇ ಇದೆ, ಸಡಿಲ ಆಗಿರೋದು ಶಬ್ದದ ಕೊಂಡಿ. ಹಾಗಾಗಿ ಮನಸ್ಸಲ್ಲೇ ಅಕ್ಷರಮಾಲೆ ಓಡ್ಸಿ, ಅ ಇಂದ ಶುರು ಮಾಡಿ ಕ, ಗ, ಚ, ಜ ಅಂತ ನಿಧಾನಕ್ಕೆ, ಪ್ರತಿ ಅಕ್ಷರದ ಹತ್ರ ಒಂದ್ ಕ್ಷಣ ನಿಂತು "ಇದ್ರಿಂದ ಶುರುನಾ" ಅಂತ ಕೇಳ್ಕೊಳ್ಳಿ. ಹೆಸರು ಎಷ್ಟು ಅಕ್ಷರದ್ದು ಅಂತ ಸುಮಾರು ಸಲ ಗೊತ್ತಿರುತ್ತೆ, "ಮೂರಕ್ಷರ, ಕೊನೇಲಿ ರ ಬರುತ್ತೆ" ಅನ್ನೋ ಥರ, ಅದೂ ಒಂದು ಹಿಡಿ. ಹುಡುಕ್ತಿರೋ ಪದದ ಶಬ್ದಗಳನ್ನೇ ಹೋಲೋ ಬೇರೆ ಪದಗಳನ್ನ ಮೊದ್ಲು ಹೇಳಿಸಿದ್ರೆ ಸಿಕ್ಕಾಕ್ಕೊಳ್ಳೋದು ಕಮ್ಮಿ ಆಗುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಹೆಸರು ಕೊನೆಗೂ ಸಿಕ್ತಾ, "ಅಬ್ಬಾ" ಅಂತ ಅಲ್ಲಿಗೇ ಬಿಡಬೇಡಿ, ಎರಡು ಮೂರು ಸಲ ಬಾಯಿ ಬಿಟ್ಟು ಗಟ್ಟಿಯಾಗಿ ಹೇಳಿ, ಸಂಜೆ ಇನ್ನೊಂದ್ ಸಲ ಹೇಳಿ, ಕೊಂಡಿ ಬಿಗಿ ಆಗೋದು ಆಗ್ಲೇ. ಯಾವ್ದಾದ್ರೂ ಕಾರ್ಯಕ್ರಮಕ್ಕೆ ಹೋಗ್ತಿದ್ದೀರಾ ಅಂದ್ರೆ ಹೊರಡೋಕ್ ಮುಂಚೆ ಅಲ್ಲಿ ಸಿಗೋರ ಹೆಸರುಗಳನ್ನ ಒಂದ್ಸಲ ಜೋರಾಗಿ ಹೇಳ್ಕೊಂಡು ಹೋಗಿ, ಹಳೇ ಫೋಟೋ ಇದ್ರೆ ಇನ್ನೂ ಒಳ್ಳೇದು.

ಇನ್ನು ಜಾಗದ ವಿಷಯ. ಒಂದು ರೂಮಿಂದ ಇನ್ನೊಂದ್ ರೂಮಿಗೆ ಹೋಗಿ "ನಾನ್ಯಾಕ್ ಇಲ್ಲಿಗ್ ಬಂದೆ" ಅಂತ ನಿಂತ್ಕೊಳ್ಳೋದು ಎಲ್ಲ ವಯಸ್ಸಿನವರಿಗೂ ಆಗುತ್ತೆ. ಗೇಬ್ರಿಯಲ್ ರಾಡ್‌ವಾನ್ಸ್ಕಿ ಅನ್ನೋರ ತಂಡ ಬಾಗಿಲು ದಾಟೋದ್ರ ಮೇಲೇನೇ ಪ್ರಯೋಗ ಮಾಡಿದೆ, ಬಾಗಿಲು ದಾಟಿದ್ರೆ ಮೆದುಳಿಗೆ ಅದೊಂದು ಹೊಸ ಸನ್ನಿವೇಶ, ಹಿಂದಿನದು ಸ್ವಲ್ಪ ಹಿಂದಕ್ಕೆ ಸರಿಯುತ್ತೆ ಅಂತ. ಗ್ಯಾರಂಟಿ ಅಲ್ಲದಿದ್ರೂ ಇಲ್ಲಿ ಮಾಡಿ ನೋಡಬೋದಾದ ಉಪಾಯ ಸುಲಭ, ವಾಪಸ್ ಹೋಗಿ ಮೊದ್ಲಿದ್ದ ಜಾಗದಲ್ಲೇ ನಿಂತು ಆಗ ಮಾಡ್ತಿದ್ದ ಕೆಲಸಾನೇ ಮಾಡಿ. ಕಾಲಿಗೆ ನೋವಿದ್ರೆ ಮನಸ್ಸಲ್ಲೇ ಹೋಗಿ ಬಂದ್ರೂ ನಡೆಯುತ್ತೆ. 1975ರಲ್ಲಿ ಗಾಡೆನ್ ಮತ್ತು ಬ್ಯಾಡ್ಲೀ ಸ್ಕೂಬಾ ಡೈವರ್‌ಗಳ ಮೇಲೆ ಮಾಡಿದ್ದ ಪ್ರಯೋಗ ತುಂಬಾ ಫೇಮಸ್, ನೀರೊಳಗೆ ಕಲಿತ ಪದಗಳು ನೀರೊಳಗೇ ಚೆನ್ನಾಗಿ ನೆನಪಾಗ್ತವೆ, ದಡದಲ್ಲಿ ಕಲಿತದ್ದು ದಡದಲ್ಲೇ. (2021ರಲ್ಲಿ ಇದನ್ನ ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬರ್ಲಿಲ್ಲ, ಅದಕ್ಕೇ ಇದೊಂದನ್ನೇ ನೆಚ್ಕೊಂಡು ದೊಡ್ಡ ಮಾತು ಆಡೋಕ್ ಹೋಗಲ್ಲ.) ಆದ್ರೆ ಸನ್ನಿವೇಶವನ್ನ ಮನಸ್ಸಲ್ಲಿ ಮತ್ತೆ ಕಟ್ಟೋದು ಕೆಲಸ ಮಾಡುತ್ತೆ ಅನ್ನೋದಕ್ಕೆ ಬೇರೆ ಕಡೆ ಒಳ್ಳೆ ಆಧಾರ ಇದೆ, ಸಾಕ್ಷಿಗಳನ್ನ ವಿಚಾರಿಸೋಕೆ ಫಿಶರ್ ಮತ್ತು ಗೈಸೆಲ್‌ಮನ್ ರೂಪಿಸಿದ ಕಾಗ್ನಿಟಿವ್ ಇಂಟರ್‌ವ್ಯೂ ಅನ್ನೋ ವಿಧಾನದಲ್ಲಿ ಇದೇ ಮುಖ್ಯ, ಮತ್ತೆ ವಯಸ್ಸಾದ ಸಾಕ್ಷಿಗಳಿಗೂ ಅದು ಉಪಯೋಗಕ್ಕೆ ಬಂದಿದೆ. "ಕೀ ಎಲ್ಲಿಟ್ಟೆ" ಅಂತ ತಲೆಗೆ ನೇರವಾಗಿ ಪ್ರಶ್ನೆ ಹಾಕೋ ಬದ್ಲು ಕಣ್ಮುಚ್ಚಿ ಕೂತು, ಒಳಗೆ ಬಂದಾಗ ಬೆಳಕಿತ್ತಾ ಕತ್ತಲಿತ್ತಾ, ಕೈಲಿ ಇನ್ನೇನ್ ಇತ್ತು, ಯಾರು ಮಾತಾಡ್ಸಿದ್ರು, ಚಪ್ಪಲಿ ಮೊದ್ಲು ಬಿಟ್ನಾ ಬ್ಯಾಗ್ ಮೊದ್ಲು ಇಟ್ನಾ ಅಂತ ಹೋಗಿ. ಕೀ ಬಗ್ಗೆ ಯೋಚನೆ ಮಾಡ್ದೇನೇ ಕೀ ಸಿಗೋ ಸಾಧ್ಯತೆ ಜಾಸ್ತಿ.

ಇಷ್ಟು ಹೊತ್ತು ಹೇಳಿದ್ದು ಸಿಕ್ಕಾಕ್ಕೊಂಡಾಗ ಏನ್ ಮಾಡ್ಬೇಕು ಅಂತ. ನಂಗೆ ಇದಕ್ಕಿಂತ ಮುಖ್ಯ ಅನ್ಸೋದು ಸಿಕ್ಕಾಕ್ಕೊಳ್ಳದ ಹಾಗೆ ಮೊದ್ಲೇ ಮಾಡ್ಕೊಳ್ಳೋದು, ಅದಕ್ಕೆ ಇರೋದ್ರಲ್ಲೇ ಭರವಸೆ ಇಡಬೋದಾದ ಉಪಾಯ ಅಂದ್ರೆ ಅಂತರ ಕೊಟ್ಟು ಕೊಟ್ಟು ನೆನಪಿಸ್ಕೊಳ್ಳೋದು. ಕೇಳೋಕೆ ತುಂಬಾ ಬೋರಿಂಗ್, ಬಹುಶಃ ಅದಕ್ಕೇ ಯಾರೂ ಇದ್ರ ಬಗ್ಗೆ ಜಾಹೀರಾತು ಕೊಡಲ್ಲ.

ಇದ್ರ ತಳಹದಿ ಏನು ಅಂದ್ರೆ, ಮತ್ತೆ ಮತ್ತೆ ಓದೋದಕ್ಕಿಂತ ಮುಚ್ಚಿಟ್ಟು ನೆನಪಿಸ್ಕೊಳ್ಳೋದು ಗಟ್ಟಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಕಾಲೇಜು ಮಕ್ಕಳಿಗೆ ಎರಡು ಚಿಕ್ಕ ಪಾಠ ಕೊಟ್ಟು, ಒಂದನ್ನ ಎರಡು ಸಲ ಓದಿ ಅಂದ್ರು, ಇನ್ನೊಂದನ್ನ ಒಂದ್ಸಲ ಓದಿ ಆಮೇಲೆ ನೋಡ್ದೆ ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ, ಎರಡು ಸಲ ಓದಿದ್ದು 42% ನೆನಪಿತ್ತು, ಓದಿ ನೆನಪಿಸ್ಕೊಂಡಿದ್ದು 56%. ಈ ಲಾಭ ವಯಸ್ಸಾದವರಿಗೂ ಸಿಗುತ್ತೆ ಅಂತ ಬೇರೆ ಸ್ಟಡಿಗಳು ತೋರಿಸಿವೆ. ಅಂತರವನ್ನ ಹಿಗ್ಗಿಸ್ತಾ ಹೋಗೋ ಐಡಿಯಾ 1978ರಲ್ಲಿ ಲ್ಯಾಂಡಾವರ್ ಮತ್ತು ಬ್ಯೋರ್ಕ್ ಅವರದ್ದು, ಅದನ್ನ ಡಿಮೆನ್ಷಿಯಾ (ಮೆದುಳಿನ ಕಾಯಿಲೆಯಿಂದ ಬರೋ ಜೋರು ಮರೆವು) ಇರೋರಿಗೆ ಅಳವಡಿಸಿ ಬೆಳೆಸಿದ್ದು ಕ್ಯಾಮರನ್ ಕ್ಯಾಂಪ್.

ಮಾಡೋದು ಹೀಗೆ. ಒಂದೇ ಒಂದು ವಿಷಯ ತಗೊಳ್ಳಿ, ಉದಾಹರಣೆಗೆ ಹೊಸ ಡಾಕ್ಟರ್ ಹೆಸರು. ಕೇಳಿ, ತಕ್ಷಣ ನೀವೇ ಹೇಳಿ. ಅರ್ಧ ನಿಮಿಷ ಬಿಟ್ಟು ಹೇಳಿ. ಆಮೇಲೆ ಒಂದು ನಿಮಿಷ, ಎರಡು, ನಾಲ್ಕು, ಎಂಟು, ಹದಿನಾರು ಅಂತ ದುಪ್ಪಟ್ಟು ಮಾಡ್ತಾ ಹೋಗಿ, ಮಧ್ಯದಲ್ಲಿ ಅದನ್ನೇ ಜಪ ಮಾಡ್ಬೇಡಿ, ಬೇರೆ ಮಾತಾಡಿ, ಪೇಪರ್ ಓದಿ, ಬಟ್ಟೆ ಮಡಚಿ. ತಪ್ಪಾಯ್ತಾ, ಸರಿ ಉತ್ತರ ನೋಡ್ಕೊಂಡು ಒಂದ್ಸಲ ಹೇಳಿ, ಕೊನೇ ಸಲ ಯಾವ ಅಂತರದಲ್ಲಿ ಸರಿ ಹೇಳಿದ್ರೋ ಅಲ್ಲಿಗೆ ವಾಪಸ್ ಹೋಗಿ ಅಲ್ಲಿಂದ ಮುಂದುವರೀರಿ. ಮಾರನೇ ದಿನ ಬೆಳಿಗ್ಗೆ ಒಂದ್ಸಲ, ಎರಡು ದಿನ ಬಿಟ್ಟು ಒಂದ್ಸಲ, ವಾರ ಬಿಟ್ಟು ಒಂದ್ಸಲ. ಅಂತರ ಕರಾರುವಾಕ್ಕಾಗಿ ದುಪ್ಪಟ್ಟೇ ಆಗ್ಬೇಕು ಅಂತೇನಿಲ್ಲ, ಸಮ ಅಂತರ ಕೊಟ್ರೂ ಚೆನ್ನಾಗೇ ಆಗುತ್ತೆ ಅಂತ ಎಷ್ಟೋ ಸ್ಟಡಿಗಳಿವೆ, ಮುಖ್ಯ ಏನಂದ್ರೆ ಪ್ರತೀ ಸಲ ನೀವೇ ಒಳಗಿಂದ ತೆಗೀಬೇಕು, ಚೀಟಿ ನೋಡ್ಕೊಂಡು ಓದಿದ್ರೆ ಲೆಕ್ಕಕ್ಕಿಲ್ಲ.

ಡಿಮೆನ್ಷಿಯಾ ಶುರುವಾಗಿರೋರಿಗೆ ಇದನ್ನ ಮಾಡ್ಸೋದಾದ್ರೆ ಒಂದು ಎಚ್ಚರ ಬೇಕು, ಅವರನ್ನ ಊಹೆ ಮಾಡೋಕೆ ಬಿಡಬೇಡಿ. 1994ರಲ್ಲಿ ಬ್ಯಾಡ್ಲೀ ಮತ್ತು ವಿಲ್ಸನ್ ತೋರಿಸಿದ ಹಾಗೆ ನೆನಪಿನ ತೊಂದ್ರೆ ಜೋರಾಗಿ ಇರೋರಿಗೆ ತಾವು ಮಾಡಿದ ತಪ್ಪೇ ಮನಸ್ಸಲ್ಲಿ ಕೂತ್ಬಿಡುತ್ತೆ, ತಪ್ಪಾಗಿತ್ತು ಅನ್ನೋದು ನೆನಪಿರಲ್ಲ, ತಪ್ಪು ಉತ್ತರ ಮಾತ್ರ ಉಳಿಯುತ್ತೆ. ಅಂಥವರಿಗೆ ಅಂತರ ತೀರಾ ಚಿಕ್ಕದಾಗಿ ಇಟ್ಟು, ತಡವರಿಸಿದ ಕೂಡ್ಲೇ ಉತ್ತರ ಹೇಳ್ಬಿಡಿ.

ಮಾತ್ರೆ ವಿಷಯ ಬೇರೆ ಥರದ್ದು, ಅಲ್ಲಿ ಹಳೇದನ್ನ ನೆನಪಿಸ್ಕೊಳ್ಳೋದಲ್ಲ, ಮುಂದೆ ಮಾಡ್ಬೇಕಾದ್ದು ಸರಿಯಾದ ಹೊತ್ತಿಗೆ ನೆನಪಾಗ್ಬೇಕು. "ಇವತ್ತಿಂದ ಮರೀದೆ ತಗೋತೀನಿ" ಅನ್ನೋ ಸಂಕಲ್ಪ ಯಾವ ಕೆಲಸಕ್ಕೂ ಬರಲ್ಲ. "ಬೆಳಿಗ್ಗೆ ಹಲ್ಲುಜ್ಜಿ ಬ್ರಷ್ ವಾಪಸ್ ಇಟ್ಟ ತಕ್ಷಣ ಬಿಪಿ ಮಾತ್ರೆ ತಗೋತೀನಿ" ಅಂತ, ಯಾವಾಗ, ಎಲ್ಲಿ, ಯಾವ ಕೆಲಸದ ಹಿಂದೆ ಅಂತ ಖಚಿತವಾಗಿ ಜೋರಾಗಿ ಹೇಳ್ಕೊಂಡು ಆ ದೃಶ್ಯಾನ ಕಣ್ಣ ಮುಂದೆ ತಂದ್ಕೊಂಡ್ರೆ ವಿಷಯಾನೇ ಬೇರೆ. 2004ರಲ್ಲಿ ಲಿಯು ಮತ್ತು ಪಾರ್ಕ್ ವಯಸ್ಸಾದವರಿಗೆ ದಿನಾ ಮನೇಲೇ ರಕ್ತದ ಸಕ್ಕರೆ ಅಳೆಯೋ ಕೆಲಸ ಕೊಟ್ಟು ನೋಡಿದಾಗ ಹೀಗೆ ಪ್ಲಾನ್ ಮಾಡ್ಕೊಂಡವರು ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ರು. ಬ್ರಷ್ ಇಡೋದೇ ಕ್ಲೂ ಆಗುತ್ತೆ, ನೀವು ನೆನಪಿಟ್ಕೊಳ್ಳೋ ಕಷ್ಟ ತಪ್ಪುತ್ತೆ.

ಇದ್ರ ಇನ್ನೊಂದು ಮುಖ, "ತಗೊಂಡ್ನಾ ಇಲ್ವಾ". ಇದು ಮರೆಯೋದಕ್ಕಿಂತ ಅಪಾಯ, ಎರಡು ಸಲ ತಗೊಂಡ್ಬಿಟ್ರೆ ಕಷ್ಟ. ದಿನಾ ಒಂದೇ ಥರ ಮಾಡೋ ಕೆಲಸದಲ್ಲಿ ಇವತ್ತಿಂದು ಯಾವ್ದು ನಿನ್ನೇದು ಯಾವ್ದು ಅಂತ ಬೇರೆ ಮಾಡೋಕೆ ಗುರುತೇ ಇರಲ್ಲ. 2009ರಲ್ಲಿ ಮ್ಯಾಕ್‌ಡೇನಿಯಲ್ ಮತ್ತು ಜೊತೆಗಾರರ ಪ್ರಯೋಗದಲ್ಲಿ, ಕೊಟ್ಟ ಕೆಲಸ ಮಾಡೋವಾಗ ಒಂದು ಕೈ ತಲೆ ಮೇಲೆ ಇಟ್ಕೊಳ್ಳಿ ಅಂದಾಗ ವಯಸ್ಸಾದವರು ಒಂದೇ ಕೆಲಸಾನ ಎರಡನೇ ಸಲ ಮಾಡೋ ತಪ್ಪು ಇಳಿದು ಚಿಕ್ಕವರ ಮಟ್ಟಕ್ಕೆ ಬಂತು. ನಗು ಬರುತ್ತೆ, ಆದ್ರೆ ಲಾಜಿಕ್ ಸರಿ ಇದೆ, ವಿಚಿತ್ರವಾಗಿ ಮಾಡಿದ್ದು ನೆನಪಿರುತ್ತೆ. ತಲೆ ಮೇಲೆ ಕೈ ಇಡೋಕೆ ಸಂಕೋಚ ಆದ್ರೆ "ಗುರುವಾರದ ಮಾತ್ರೆ ನುಂಗಿದೆ", "ಬಾಗಿಲಿಗೆ ಬೀಗ ಹಾಕಿದೆ" ಅಂತ ಬಾಯಿ ಬಿಟ್ಟು ಹೇಳಿ. ಮಾತ್ರೆಗಂತೂ ವಾರದ ದಿನಗಳ ಹೆಸರಿರೋ ಡಬ್ಬಿ ತಗೊಳ್ಳಿ, ಅದಕ್ಕೆ ಸಮ ಯಾವ್ದೂ ಇಲ್ಲ. ಡಬ್ಬಿ, ಕ್ಯಾಲೆಂಡರ್, ಫೋನ್ ಅಲಾರಂ ಬಳಸಿದ್ರೆ ಮೆದುಳು ಸೋಮಾರಿ ಆಗುತ್ತೆ ಅಂತ ಕೆಲವರು ಹೆದರಿಸ್ತಾರೆ, ಅದನ್ನ ತಲೆಗೆ ಹಾಕ್ಕೋಬೇಡಿ, ಮಾತ್ರೆ ಮೇಲೆ ಮೆದುಳಿನ ಎಕ್ಸರ್‌ಸೈಜ್ ಮಾಡೋ ಅಗತ್ಯ ಇಲ್ಲ.

ಮೆಮೊರಿ ಪ್ಯಾಲೇಸ್ ಅಂತ ಒಂದಿದೆ, ಗೊತ್ತಿರೋ ಮನೆಯ ಮೂಲೆ ಮೂಲೆಗೂ ಒಂದೊಂದು ವಸ್ತು ಇಟ್ಟ ಹಾಗೆ ಕಲ್ಪಿಸ್ಕೊಂಡು ಆಮೇಲೆ ಮನಸ್ಸಲ್ಲೇ ನಡೀತಾ ಒಂದೊಂದಾಗಿ ತೆಗೆಯೋದು. ಕೆಲಸ ಮಾಡುತ್ತೆ, ವಯಸ್ಸಾದವರೂ ಕಲೀತಾರೆ, ಆದ್ರೆ ಕ್ಲಾಸ್ ಮುಗಿದ್ಮೇಲೆ ಮನೇಲಿ ಮುಂದುವರಿಸೋರು ಕಮ್ಮಿ, ಯಾಕಂದ್ರೆ ದಿನನಿತ್ಯದಲ್ಲಿ ಇಪ್ಪತ್ತು ಪದ ವರಸೆಯಾಗಿ ಹೇಳೋ ಪ್ರಸಂಗಾನೇ ಬರಲ್ಲ, ಬಂದ್ರೆ ಚೀಟಿ ಇದೆ. ಬ್ರೈನ್ ಗೇಮ್ ಆಪ್‌ಗಳ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಖಾರ. ಅಮೆರಿಕದಲ್ಲಿ ನಡೆದ ಆ್ಯಕ್ಟಿವ್ ಅನ್ನೋ ದೊಡ್ಡ ಟ್ರಯಲ್‌ನಲ್ಲಿ 65ರಿಂದ 94 ವಯಸ್ಸಿನ 2,832 ಜನರಿದ್ರು, ಫಲಿತಾಂಶ ಬಂದಿದ್ದು 2002ರಲ್ಲಿ. ಹತ್ತು ಕ್ಲಾಸಿನ ಮೆಮೊರಿ ಟ್ರೇನಿಂಗ್ ಆದ ತಕ್ಷಣ ಆ ಗುಂಪಲ್ಲಿ 26% ಜನಕ್ಕೆ ನೆನಪಿನ ಟೆಸ್ಟಲ್ಲಿ ಗಟ್ಟಿ ಸುಧಾರಣೆ ಕಂಡಿತು, ಆದ್ರೆ ಏನು ಅಭ್ಯಾಸ ಮಾಡ್ಸಿದ್ರೋ ಅದ್ರಲ್ಲಿ ಮಾತ್ರ, ಬೇರೆ ಸಾಮರ್ಥ್ಯಕ್ಕೆ ಹರಡ್ಲಿಲ್ಲ, ಹತ್ತು ವರ್ಷದ ಹೊತ್ತಿಗೆ ನೆನಪಿನ ಲಾಭ ಕರಗಿತ್ತು. ಆಟ ಆಡಿದ್ರೆ ಆಟ ಚೆನ್ನಾಗಿ ಬರುತ್ತೆ. ಖುಷಿ ಕೊಟ್ರೆ ಆಡಿ, ಹೆಸರು ನೆನಪಿಡೋಕೆ ಬೇಕಾದ್ರೆ ಹೆಸರನ್ನೇ ಪ್ರಾಕ್ಟೀಸ್ ಮಾಡಿ.

ಹೊತ್ತಿನ ಬಗ್ಗೇನೂ ಒಂಚೂರು. 1993ರಲ್ಲಿ ಮೇ, ಹ್ಯಾಶರ್ ಮತ್ತು ಸ್ಟೋಲ್ಟ್‌ಫಸ್ ನೋಡಿದ ಪ್ರಕಾರ ವಯಸ್ಸಾದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಚುರುಕು, ಸಂಜೆ ಹೊತ್ತಿಗೆ ನೆನಪಿನ ಟೆಸ್ಟಲ್ಲಿ ಹಿಂದೆ ಬೀಳ್ತಾರೆ, ಕಾಲೇಜು ಹುಡುಗರದ್ದು ಇದಕ್ಕೆ ಉಲ್ಟಾ. ಬ್ಯಾಂಕು, ಡಾಕ್ಟರು, ಕಾಗದಪತ್ರ ಎಲ್ಲ ಬೆಳಿಗ್ಗೇನೇ ಇಟ್ಕೊಳ್ಳಿ.

ಮನೆಯವರಿಗೂ ಒಂದ್ ಮಾತು ಇದೆ. "ಇವರ್ಯಾರು ಹೇಳಿ ನೋಡೋಣ", "ನಿನ್ನೆ ಎಲ್ಲಿಗೆ ಹೋಗಿದ್ವಿ ನೆನಪಿದ್ಯಾ" ಅಂತ ನೆಂಟರ ಎದುರಿಗೆ ಪರೀಕ್ಷೆ ಮಾಡೋದು ದಯವಿಟ್ಟು ನಿಲ್ಲಿಸಿ. ವಯಸ್ಸಾದ್ರೆ ನೆನಪು ಹೋಗುತ್ತೆ ಅನ್ನೋ ಥರದ ಬರಹ ಓದಿಸಿ ಆಮೇಲೆ ಟೆಸ್ಟ್ ಕೊಟ್ರೆ ವಯಸ್ಸಾದವರು ಇನ್ನೂ ಕಮ್ಮಿ ಹೇಳ್ತಾರೆ ಅಂತ 2003ರಲ್ಲಿ ಥಾಮಸ್ ಹೆಸ್ ತಂಡ ತೋರಿಸಿದೆ, ಅಂದ್ರೆ ಹೆದರಿಕೆನೂ ಸ್ವಲ್ಪ ನೆನಪು ತಿನ್ನುತ್ತೆ. ಪ್ರಶ್ನೆ ಬದ್ಲು ಹಿಡಿ ಕೊಡಿ. "ಅಮ್ಮಾ, ನಿನ್ನೆ ನಾವು ಹೋಗಿದ್ವಲ್ಲ, ಮಳೆ ಬಂತಲ್ಲ ದಾರೀಲಿ, ಅಲ್ಲಿ ನಿಮ್ ಸ್ಕೂಲ್ ಫ್ರೆಂಡ್ ಸಿಕ್ರು, ಅವರ ಹೆಸರು ಸು ಇಂದ ಶುರು" ಅಂತ ಸ್ವಲ್ಪ ಸ್ವಲ್ಪವೇ ಕೊಡ್ತಾ ಹೋಗಿ, ಎಲ್ಲಿ ಅವರಿಗೆ ಸಿಗುತ್ತೋ ಅಲ್ಲಿ ನಿಲ್ಲಿಸಿ. ಅವರ ಬಾಯಿಂದಾನೇ ಬಂದ್ರೆ ಮುಂದಿನ ಸಲ ಸುಲಭ ಆಗುತ್ತೆ. ಹತ್ತು ಸೆಕೆಂಡು ಸುಮ್ನೆ ಕಾಯೋದನ್ನೂ ಕಲೀರಿ, ನಡುವೆ ಬಾಯಿ ಹಾಕಿದ್ರೆ ಹುಡುಕ್ತಿದ್ದ ಎಳೆ ತುಂಡಾಗುತ್ತೆ.

ಇದೆಲ್ಲ ಸಾಮಾನ್ಯ ಮರೆವಿನ ಕತೆ. ಕ್ಲೂ ಕೊಟ್ರೂ ಬರ್ದೇ ಇದ್ರೆ, "ಹೌದಲ್ವಾ" ಅನ್ನೋ ಗುರುತೂ ಮುಖದಲ್ಲಿ ಕಾಣ್ದೇ ಇದ್ರೆ, ಕೀ ಎಲ್ಲಿಟ್ಟೆ ಅನ್ನೋದಲ್ಲ ಕೀ ಹೇಗೆ ಬಳಸೋದು ಅಂತಾನೇ ತಡವರಿಸಿದ್ರೆ, ಗೊತ್ತಿರೋ ದಾರೀಲಿ ಕಳೆದುಹೋದ್ರೆ, ಅದೇ ಪ್ರಶ್ನೇನ ಗಳಿಗೆಗೊಂದ್ ಸಲ ಕೇಳ್ತಿದ್ರೆ ಡಾಕ್ಟರ ಹತ್ರ ಹೋಗೋದು ಮುಂದೂಡಬೇಡಿ. ಡಿಮೆನ್ಷಿಯಾನೇ ಆಗಿರ್ಬೇಕು ಅಂತಿಲ್ಲ, ಬಿ12 ಕಮ್ಮಿ ಇದ್ರೆ, ಥೈರಾಯ್ಡ್ ತೊಂದ್ರೆ ಇದ್ರೆ, ಡಿಪ್ರೆಶನ್ ಇದ್ರೆ, ನಿದ್ದೇಲಿ ಉಸಿರು ಕಟ್ಟೋ ಸಮಸ್ಯೆ ಇದ್ರೆ, ನಿದ್ದೆ ಮಾತ್ರೆ ಅಥ್ವಾ ಹಳೇ ಥರದ ಅಲರ್ಜಿ ಮಾತ್ರೆ ತಗೋತಿದ್ರೂ ನೆನಪು ಮಂಕಾಗುತ್ತೆ, ಇವುಗಳಲ್ಲಿ ಸುಮಾರಕ್ಕೆ ಚಿಕಿತ್ಸೆ ಇದೆ. ಹೋಗೋವಾಗ ಮನೇಲಿರೋ ಎಲ್ಲ ಮಾತ್ರೆಗಳನ್ನೂ, ಕೆಮ್ಮಿನ ಸಿರಪ್ಪು, ಅಂಗಡೀಲಿ ತಾನಾಗೇ ತಂದ್ಕೊಂಡಿದ್ದು ಸೇರಿಸಿ, ಒಂದು ಕವರಲ್ಲಿ ಹಾಕ್ಕೊಂಡ್ ಹೋಗಿ. "ಮರೆವು ಜಾಸ್ತಿ ಆಗಿದೆ" ಅಂದ್ರೆ ಡಾಕ್ಟರಿಗೆ ಏನೂ ಗೊತ್ತಾಗಲ್ಲ, ಯಾವ ದಿನ ಏನಾಯ್ತು, ಕ್ಲೂ ಕೊಟ್ಟಾಗ ನೆನಪಾಯ್ತಾ ಇಲ್ವಾ ಅಂತ ಬರೆದಿಟ್ಟ ನಾಲ್ಕು ಸಾಲು ಇದ್ರೆ ಅರ್ಧ ಕೆಲಸ ಮುಗಿದ ಹಾಗೆ, ಮತ್ತೆ ಜೊತೇಲಿ ದಿನಾ ಅವರನ್ನ ನೋಡೋ ಒಬ್ರು ಇರ್ಬೇಕು.